ಫೋರ್ಟ್ ಗ್ರೀನ್ ದಿಬ್ಬದ ಮೇಲಿನ ಕಂಬ

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಫೋರ್ಟ್ ಗ್ರೀನ್ ಉದ್ಯಾನದ ದಿಬ್ಬವನ್ನು ಅಗಲವಾದ ಗ್ರಾನೈಟ್ ಮೆಟ್ಟಿಲುಗಳಲ್ಲಿ ಏರಿದರೆ 149 ಅಡಿ ಎತ್ತರದ ಕಂಬವೊಂದು ಎದುರಾಗುತ್ತದೆ. ಅದರ ತುದಿಯಲ್ಲಿ ಕಂಚಿನ ಕಲಶವಿದೆ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಸೆರೆಸಿಕ್ಕು, ವಾಲಬೌಟ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಬ್ರಿಟಿಷರ ಸೆರೆಹಡಗುಗಳಲ್ಲಿ ಹಸಿವು, ಸಿಡುಬು, ಭೇದಿಗಳಿಂದ ಸತ್ತವರ ಸ್ಮಾರಕವಿದು.

ಹಾಗೆ ಸತ್ತವರು ಸುಮಾರು 11,500 ಮಂದಿ ಎಂಬುದು ರೂಢಿಯ ಅಂದಾಜು. ಆ ಯುದ್ಧದ ಕದನಗಳಲ್ಲೆಲ್ಲ ಮಡಿದ ಅಮೆರಿಕನ್ನರ ಸಂಖ್ಯೆಯೂ ಇಷ್ಟಿಲ್ಲ. 'ಜರ್ಸಿ' ಎಂಬ ಹಡಗಂತೂ ಕುಖ್ಯಾತವಾಗಿತ್ತು. ಬ್ರಿಟಿಷ್ ಸೇವೆಗೆ ಸೇರಿದರೆ ಬಿಡುಗಡೆ ಸಿಗುತ್ತಿತ್ತು, ಆದರೂ ಹೆಚ್ಚಿನವರು ಒಪ್ಪಲಿಲ್ಲ. ಕುದುರೆಯೇರಿದ ಸೇನಾನಿಗಳ ಪ್ರತಿಮೆಗಳಿಗಿಂತ ಈ ನಿರಾಕರಣೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ದಡದ ಮರಳಿನಲ್ಲಿ ಆಳವಿಲ್ಲದೆ ಹೂತ ಶವಗಳ ಮೂಳೆಗಳು ಯುದ್ಧ ಮುಗಿದು ವರ್ಷಗಳಾದರೂ ಮೇಲೆ ಬರುತ್ತಲೇ ಇದ್ದವು. ಅವುಗಳಿಗೆ 1808ರಲ್ಲಿ ಸಮೀಪದಲ್ಲೇ ಮೊದಲ ಸಮಾಧಿಯಾಯಿತು. ಅದು ಪಾಳುಬಿದ್ದ ಮೇಲೆ, 1873ರಲ್ಲಿ ಅವಶೇಷಗಳನ್ನು ಈ ದಿಬ್ಬದ ನೆಲಮಾಳಿಗೆಗೆ ಸಾಗಿಸಲಾಯಿತು. ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ರೂಪಿಸಿದ ಈಗಿನ ಕಂಬವು ಅನಾವರಣಗೊಂಡದ್ದು 1908ರಲ್ಲಿ, ಅಂದರೆ ಮೊದಲ ಸಮಾಧಿಯಾಗಿ ಸರಿಯಾಗಿ ನೂರು ವರ್ಷಗಳ ಬಳಿಕ.