ಹೈಸ್ಕೂಲ್ ಮಕ್ಕಳಿಗೆ ಮೊದಲ ಕೋಡಿಂಗ್ ಭಾಷೆ: ತಪ್ಪಾದರೆ ಸುಮ್ಮನಿರದಂಥದ್ದು

ಎಂಟು, ಒಂಬತ್ತನೇ ತರಗತಿಗೆ ಯಾವ ಭಾಷೆ ಎಂದು ಕೇಳಿದರೆ ನನ್ನ ಉತ್ತರ ಪೈಥಾನ್. ಮುಂದೆ ಕೆಲಸ ಸಿಗುತ್ತದೆ ಎಂಬ ಕಾರಣಕ್ಕಲ್ಲ. ಹದಿಮೂರರ ಮಗು ಕೆಲಸ ಹುಡುಕುವ ಹೊತ್ತಿಗೆ ಏನೇನು ಬದಲಾಗಿರುತ್ತದೋ! ನೋಡಬೇಕಾದ್ದು, ಮಗು ತಪ್ಪು ಬರೆದಾಗ ಭಾಷೆ ಏನು ಮಾಡುತ್ತದೆ ಎಂಬುದನ್ನು. ಮೊದಲ ತಿಂಗಳು ಬರೆಯುವುದರಲ್ಲಿ ತಪ್ಪೇ ಜಾಸ್ತಿ ಇರುತ್ತದಲ್ಲ.

ಉದ್ಧರಣ ಚಿಹ್ನೆಯೊಳಗೆ ಇಟ್ಟದ್ದು ಸಂಖ್ಯೆಯಲ್ಲ, ಬರೀ ಅಕ್ಷರ. ಅಂಥ "5"ಕ್ಕೆ 3 ಕೂಡಿಸಿ ಎಂದರೆ ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆ 53 ಎನ್ನುತ್ತದೆ. ಅದರಿಂದಲೇ 3 ಕಳೆಯಿರಿ ಎಂದರೆ 2 ಎನ್ನುತ್ತದೆ. ಎರಡೂ ಸಲ ದೂರಿಲ್ಲ. ಪೈಥಾನ್ ಮಾತ್ರ ಅಲ್ಲೇ ನಿಂತು, ಸಾಲಿನ ಸಂಖ್ಯೆ ಸಮೇತ ಟೈಪ್ ಎರರ್, ಅಂದರೆ ಅಕ್ಷರಕ್ಕೂ ಸಂಖ್ಯೆಗೂ ಹೊಂದುವುದಿಲ್ಲ ಎಂಬ ದೂರು, ತೋರಿಸುತ್ತದೆ. ಕಲಿಯುವವರಿಗೆ ಬೇಕಾದ್ದು ಈ ಹಟಮಾರಿತನ.

ಆದರೂ ಪೈಥಾನ್ ಬಾಯಿ ಮುಚ್ಚಿಕೊಳ್ಳುವ ಒಂದು ಜಾಗವಿದೆ, ಮಕ್ಕಳು ನೇರ ಅಲ್ಲಿಗೇ ಹೋಗಿ ಬೀಳುತ್ತಾರೆ. ಅಂಕ ಕೇಳಿ ಪಾಸೋ ಫೇಲೋ ಹೇಳುವ ಪ್ರೋಗ್ರಾಂ ಬರೆಯಲು ಹೇಳಿ. ಇನ್‌ಪುಟ್ ಫಂಕ್ಷನ್ ಕೊಡುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಅದನ್ನು 35ರ ಜೊತೆ ಹೋಲಿಸಿದ ಕೂಡಲೇ ಎರರ್ ಬರುತ್ತದೆ. ಆಗ ಜಾಣ ಹುಡುಗರು 35ಕ್ಕೂ ಉದ್ಧರಣ ಚಿಹ್ನೆ ಹಾಕುತ್ತಾರೆ. ಎರರ್ ಮಾಯ! 40 ಕೊಟ್ಟರೆ ಪಾಸ್, 20 ಕೊಟ್ಟರೆ ಫೇಲ್, ಎಲ್ಲ ಸರಿ. 100 ಕೊಟ್ಟು ನೋಡಿ: ಫೇಲ್. 9 ಕೊಟ್ಟರೆ ಪಾಸ್! ಪದಕೋಶದಲ್ಲಿ ಪದ ಜೋಡಿಸುವಂತೆ ಮೊದಲ ಅಕ್ಷರದಿಂದ ಹೋಲಿಕೆ ನಡೆಯುತ್ತಿದೆ. 1 ಎಂಬುದು 3ಕ್ಕಿಂತ ಹಿಂದೆ, 9 ಮುಂದೆ. ಇನ್‌ಪುಟ್ ಅನ್ನು ಇಂಟ್‌ನೊಳಗೆ ಹಾಕಿ ಪೂರ್ಣಾಂಕ ಮಾಡಿಕೊಂಡರೆ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಡಿ, 9 ಪಾಸಾಗುವುದನ್ನು ಅವರೇ ಕಾಣಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಅಡ್ಡ ಬರುವುದಿಲ್ಲವೇ? ಪೈಥಾನ್ 3.8ರಲ್ಲಿ ಮೀಸಲು ಪದಗಳು, ಅಂದರೆ ಭಾಷೆ ತನಗೆಂದೇ ಇಟ್ಟುಕೊಂಡ ಇಂಗ್ಲಿಷ್ ಪದಗಳು, 35. ಇಫ್, ಎಲ್ಸ್, ಫಾರ್, ವೈಲ್, ಡೆಫ್, ರಿಟರ್ನ್ ಹೀಗೆ ಹತ್ತು ಹನ್ನೆರಡರಲ್ಲಿ ಒಂದು ವರ್ಷ ಕಳೆಯುತ್ತದೆ. ಉಳಿದ ಹೆಸರುಗಳು ನಮ್ಮವು: ಅಂಕ, ಒಟ್ಟು, ಸರಾಸರಿ ಎಂದು ಕನ್ನಡ ಲಿಪಿಯಲ್ಲೇ ವೇರಿಯಬಲ್ (ಬೆಲೆಯನ್ನು ಇಟ್ಟುಕೊಳ್ಳುವ ಹೆಸರು) ಇಡಬಹುದು. ಒಂದೇ ಎಚ್ಚರ. 'ಓವರ್‌ಗಳು' ಎಂದು ಬರೆದರೆ ಒತ್ತಕ್ಷರ ಆಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಪೈಥಾನ್ ಅದನ್ನು ಒಪ್ಪದೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆಯುವ ನಿಯಮ ತಪ್ಪಿದೆ ಎಂಬ ದೂರು, ಕೊಡುತ್ತದೆ. ಪರದೆಯ ಮೇಲೆ ತಪ್ಪೇನೂ ಕಾಣದೆ ಮಗು ಕಂಗಾಲು. ಅಂಥ ಕಡೆ 'ಓವರ್_ಗಳು' ಎಂದು ಅಂಡರ್‌ಸ್ಕೋರ್ ಹಾಕಿಸಿ. ಹಾಗೆಯೇ 'ಮೈಸೂರು' ಪದದ ಉದ್ದ ಕೇಳಿದರೆ ಉತ್ತರ 3 ಅಲ್ಲ, 6. ಐತ್ವ, ದೀರ್ಘ, ಕೊಂಬು ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ.

ಇನ್ನು ಲ್ಯಾಬ್. ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ ಪೈಥಾನ್ 3.9 ಮತ್ತು ಮುಂದಿನವು ನಡೆಯುವುದಿಲ್ಲ. 3.8.10 ಹಾಕಿ, ಅದಕ್ಕೆ ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1 ಎಂಬ ಅಪ್ಡೇಟ್ ಇರಬೇಕು. ಫೈಲ್ 30 ಎಂಬಿಯೂ ಇಲ್ಲ, ಒಂದು ಪೆನ್‌ಡ್ರೈವ್ ಹಿಡಿದು ಇಡೀ ಲ್ಯಾಬ್ ಸುತ್ತಬಹುದು. ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ 'ಪಾತ್‌ಗೆ ಸೇರಿಸು' ಎಂಬ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ; ಪೈಥಾನ್ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಯುವುದು ಅದರಿಂದ. ಉಬುಂಟುನಲ್ಲಿ ಪೈಥಾನ್ ಮೊದಲೇ ಇರುತ್ತದೆ, ಆದರೆ ಐಡಲ್ (ಕೋಡ್ ಬರೆಯುವ ಕಿಟಕಿ) ಮತ್ತು ಟಿಕೆ (ಪರದೆಯ ಮೇಲೆ ಚಿತ್ರ ತೋರಿಸುವ ಭಾಗ) ಪ್ಯಾಕೇಜುಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ವಾಟ್ಸಾಪ್‌ನಲ್ಲೋ ವರ್ಡ್‌ನಲ್ಲೋ ಬಂದ ಕೋಡನ್ನು ಕಾಪಿ ಮಾಡಿಸಬೇಡಿ: ನೇರ ಉದ್ಧರಣ ಚಿಹ್ನೆ ಬಾಗಿದ್ದಾಗಿ ಬದಲಾಗಿರಬಹುದು, ಆಗ ಸಿಂಟ್ಯಾಕ್ಸ್ ಎರರ್ ಖಚಿತ.

ಸಿ++ ಭಾಷೆ ಕಲಿಸಲು ಬಳಸುವ ಟರ್ಬೊ ಸಿ++ ಎಂಬ ಹಳೆಯ ತಂತ್ರಾಂಶ ಇನ್ನೂ ಕೆಲವು ಕಡೆ ಉಸಿರಾಡುತ್ತಿದೆ. ಅದು ಡಾಸ್ ಕಾಲದ್ದು, 1998ರ ಸಿ++ ಮಾನಕಕ್ಕೂ ಮೊದಲಿನದು. ಅಲ್ಲಿ ಕಲಿತ ಕ್ಲಿಯರ್ ಸ್ಕ್ರೀನ್, ವಾಯ್ಡ್ ಮೇನ್ ಅಭ್ಯಾಸಗಳನ್ನೆಲ್ಲ ಮುಂದೆ ಬಿಡಿಸಬೇಕಾಗುತ್ತದೆ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಒಳ್ಳೆಯದೇ, ಆದರೆ ಆರು, ಏಳನೇ ತರಗತಿಗೆ. ಎಂಟರಲ್ಲಿ ಎರಡು ವಾರ ಸಾಕು. ಎಚ್‌ಟಿಎಂಎಲ್ (ವೆಬ್ ಪುಟದ ವಿನ್ಯಾಸ ಬರೆಯುವ ಭಾಷೆ) ಕಲಿಸಿ ಪ್ರೋಗ್ರಾಮಿಂಗ್ ಆಯಿತು ಎನ್ನುವವರ ಜೊತೆ ವಾದ ಬೇಡ. ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕವೂ ಪೈಥಾನ್‌ನಲ್ಲೇ ಇರುವುದರಿಂದ ಹೈಸ್ಕೂಲಿನಲ್ಲಿ ಹಾಕಿದ ಬುನಾದಿ ಅಲ್ಲಿಗೂ ಆಗುತ್ತದೆ.

ಶುರು ಮಾಡಲು ಟರ್ಟಲ್ ಹಿಡಿಯಿರಿ: ಪೈಥಾನ್ ಜೊತೆಗೇ ಬರುವ, ಪರದೆಯ ಮೇಲೆ ಆಮೆ ನಡೆದಂತೆ ಗೆರೆ ಎಳೆಯುವ ಸಾಧನ ಅದು. 100 ಹೆಜ್ಜೆ ಮುಂದೆ, ಬಲಕ್ಕೆ 90 ಡಿಗ್ರಿ, ನಾಲ್ಕು ಸಲ: ಚೌಕ. ಫೈಲಿಗೆ ಮಾತ್ರ ಟರ್ಟಲ್ ಎಂದೇ ಹೆಸರಿಡಬಾರದು; ಇಟ್ಟರೆ ಇಂಪೋರ್ಟ್ ಮಾಡುವಾಗ ಪೈಥಾನ್ ನಿಜವಾದ ಟರ್ಟಲ್ ಬಿಟ್ಟು ಮಗುವಿನ ಫೈಲನ್ನೇ ಎತ್ತಿಕೊಳ್ಳುತ್ತದೆ. ಚೌಕ ಆದ ಮೇಲೆ ಸಮಬಾಹು ತ್ರಿಭುಜ ಕೇಳಿ. ಬಹುತೇಕ ಮಕ್ಕಳು 60 ಡಿಗ್ರಿ ತಿರುಗಿಸುತ್ತಾರೆ, ತೆರೆಯ ಮೇಲೆ ಬರುವುದು ಅರ್ಧ ಷಡ್ಭುಜ. ಆಮೆ ತಿರುಗುವುದು ಹೊರಕೋನದಷ್ಟು, ಆದ್ದರಿಂದ 120. ತ್ರಿಭುಜ ಕೂಡಿಕೊಂಡ ಮೇಲೆ ಐದು ಮೂಲೆಯ ನಕ್ಷತ್ರ ಕೇಳಿ. ಅದಕ್ಕೆ ಆಮೆ ತಿರುಗಬೇಕಾದ ಕೋನ 144 ಎಂದು ಹೇಳದೆ ಕಾಯಿರಿ.