ಐವತ್ತು ತಂಗಡಿ ಬೀಜ

1998ರ ಆಗಸ್ಟ್ ತಿಂಗಳು. ಚಳ್ಳಕೆರೆ ಕಡೆಯ ಹಳ್ಳಿಯಿಂದ ಬಂದು ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ್ದೆ. ಮೊದಲ ಪ್ರಾಕ್ಟಿಕಲ್ ದಿನ ಬಾಟನಿ ಮೇಡಂ ಮೈಕ್ರೋಸ್ಕೋಪ್ ಮುಟ್ಟಿಸಲೇ ಇಲ್ಲ. ಎರಡು ಮಣ್ಣಿನ ಕುಂಡ ತರಿಸಿದರು. ಟೇಬಲ್ ಮೇಲೆ ಬೀಜ ಸುರಿದರು. ತಂಗಡಿ ಬೀಜ. ಜೋಗಿಮಟ್ಟಿಗೆ ಹೋಗುವ ದಾರಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ ಗಿಡ. ಕೆಲವರು ಆವರಿಕೆ ಅನ್ನುತ್ತಾರೆ.

"ಕುಂಡಕ್ಕೆ 50 ಎಣಿಸಿ ಹಾಕಿ" ಅಂದರು. ಒಂದು ಕುಂಡದ ಬೀಜಗಳನ್ನು ಮಾತ್ರ ಮೊದಲು ಸ್ಯಾಂಡ್ ಪೇಪರ್ ಮೇಲೆ ಉಜ್ಜಬೇಕಿತ್ತು. ಉಜ್ಜಿ ಉಜ್ಜಿ ಬೆರಳು ಉರಿಯುತ್ತಿತ್ತು. ಆ ಸಿಪ್ಪೆ ಅಷ್ಟು ಗಟ್ಟಿ.

ಹತ್ತು ದಿನಕ್ಕೆ ಉಜ್ಜಿದ ಕುಂಡದಲ್ಲಿ 46 ಮೊಳಕೆ ಬಂದವು. ಉಜ್ಜದೇ ಇದ್ದದ್ದರಲ್ಲಿ ಬರೀ 13. ಉಜ್ಜಿದ್ದೇ ಒಳ್ಳೇದಾಯ್ತು ಅಂತ ನಾವೆಲ್ಲ ಅಂದುಕೊಂಡೆವು. ಮೇಡಂ ಏನೂ ಹೇಳಲಿಲ್ಲ. "ಇವತ್ತಿಂದ ನೀರು ಹಾಕಬೇಡಿ, ಮಳೆ ಕೈಕೊಟ್ಟಿದೆ ಅಂದ್ಕೊಳ್ಳಿ" ಅಂದರು ಅಷ್ಟೇ.

ಎರಡು ವಾರದಲ್ಲಿ ಎರಡೂ ಕುಂಡದ ಸಸಿಗಳು ಒಣಗಿದವು. ನಾವು ಎಣಿಸಿ ಎಣಿಸಿ ಬರೆದುಕೊಂಡಿದ್ದ ಸಸಿಗಳು ಅವು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಆಮೇಲೆ ಮತ್ತೆ ನೀರು ಹಾಕಿಸಿದರು. ಉಜ್ಜಿದ ಕುಂಡದಲ್ಲಿ ಏನೂ ಏಳಲಿಲ್ಲ. ಉಜ್ಜದ ಕುಂಡದಲ್ಲಿ ಒಂದು ಬೆಳಗ್ಗೆ 3 ಹಸಿರು ತಲೆ ಕಂಡವು.

ಆವತ್ತು ಮೇಡಂ ಪಾಠ ಮಾಡಿದರು. ಒಂದೇ ಗಿಡದ ಬೀಜವಾದರೂ ಒಂದೊಂದರ ಸಿಪ್ಪೆ ಒಂದೊಂದು ಥರ. ಕೆಲವು ಬೇಗ ನೀರು ಕುಡಿಯುತ್ತವೆ. ಕೆಲವಕ್ಕೆ ಬಿಸಿಲು, ಮಳೆ, ಮಣ್ಣಿನ ತಿಕ್ಕಾಟದಲ್ಲಿ ಸಿಪ್ಪೆ ಸವೆಯಲು ವರ್ಷಗಳೇ ಬೇಕು. ಯಾವುದು ಯಾವಾಗ ಏಳುತ್ತದೆ ಅಂತ ಹೇಳಲು ಬರಲ್ಲ.

ನಾನು ಎದ್ದು ನಿಂತು ಅಪ್ಪನ ವಿಷಯ ಹೇಳಿದೆ. ಅಪ್ಪ ಮೊದಲ ಹದಕ್ಕೆ ಇದ್ದಬದ್ದ ಶೇಂಗಾ ಬೀಜವನ್ನೆಲ್ಲ ಯಾವತ್ತೂ ಬಿತ್ತಿದವರಲ್ಲ. "ಒಂದೇ ಮಳೆ ನಂಬಿ ಎಲ್ಲ ಸುರೀಬಾರದು ತಾಯಿ" ಅನ್ನುತ್ತಿದ್ದರು. ಒಂದು ಚೀಲ ಅಟ್ಟದ ಮೇಲೆ ಇದ್ದೇ ಇರುತ್ತಿತ್ತು. ಶೇಂಗಾ ಸಾಲುಗಳ ನಡುವೆ ತೊಗರಿ ಅಕ್ಕಡಿ ಹಾಕುತ್ತಿದ್ದರು. ನಡುವೆ ಮಳೆ ಹೋಗಿ ಶೇಂಗಾ ಸೊರಗಿದ ವರ್ಷ, ಆಳಕ್ಕೆ ಬೇರು ಬಿಟ್ಟ ತೊಗರಿ ಹಿಂಗಾರಿನ ಮಳೆಗೆ ಚೇತರಿಸಿಕೊಳ್ಳುತ್ತಿತ್ತು.

ಮೇಡಂ ಮುಖ ಅರಳಿತು. ಆದರೂ ತಿದ್ದಿದರು. "ನಿಮ್ಮಪ್ಪ ಯೋಚನೆ ಮಾಡಿ ಎತ್ತಿಡ್ತಾರಮ್ಮ. ತಂಗಡಿ ಯೋಚನೆ ಮಾಡಲ್ಲ. ಬರ ಬರುತ್ತೆ ಅಂತ ಯಾವ ಬೀಜವೂ ಸಿಪ್ಪೆ ದಪ್ಪ ಮಾಡ್ಕೊಳ್ಳಲ್ಲ. ವ್ಯತ್ಯಾಸ ಮೊದಲೇ ಇರುತ್ತೆ. ಬರ ಆಮೇಲೆ ಬಂದು ಆರಿಸುತ್ತೆ." ಎಲ್ಲ ಬೀಜವೂ ಒಟ್ಟಿಗೆ ಏಳುತ್ತಿದ್ದ ಗಿಡಗಳ ವಂಶ ಯಾವುದೋ ಕೆಟ್ಟ ವರ್ಷದಲ್ಲಿ ಅಳಿಸಿಹೋಗಿರುತ್ತದೆ. ಹಿಂದುಮುಂದಾಗಿ ಏಳುವ ಬೀಜಗಳ ವಂಶವೇ ಇವತ್ತು ನಮ್ಮ ಕಣ್ಣ ಮುಂದಿರುವುದು. ಹೊಂದಾಣಿಕೆ ಅಂದರೆ ಗಿಡ ಪ್ರಯತ್ನಪಟ್ಟು ಕಲಿತದ್ದು ಅಂತಲೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಮುಂದೆ ಎಂಎಸ್ಸಿ ಓದುವಾಗ ಇದರ ಲೆಕ್ಕ ಸಿಕ್ಕಿತು. 1966ರಲ್ಲಿ ಇಸ್ರೇಲಿನ ವಿಜ್ಞಾನಿ ಡ್ಯಾನ್ ಕೊಹೆನ್ ಬರೆದದ್ದು. ವರ್ಷದಿಂದ ವರ್ಷಕ್ಕೆ ಬೀಜದ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಒಂದಕ್ಕೆ ನೂರಾಗುವ ವರ್ಷಗಳು ಎಷ್ಟೇ ಇರಲಿ, ನಡುವೆ ಒಂದು ಸೊನ್ನೆ ಬಂದರೆ ಎಲ್ಲ ಸೊನ್ನೆ. ಮಣ್ಣಿನಲ್ಲಿ ಸ್ವಲ್ಪ ಬೀಜ ಉಳಿದಿದ್ದರೆ ಆ ಸೊನ್ನೆ ಬರುವುದಿಲ್ಲ. ಅವರ ಲೆಕ್ಕ ಒಂದೇ ವರ್ಷ ಬಾಳುವ ಗಿಡಗಳದ್ದು. ತಂಗಡಿ ಹಲವು ವರ್ಷ ಬದುಕುವ ಪೊದೆ, ಅದಕ್ಕೆ ಹಾಗೇ ಹೊಂದಲ್ಲ. ಆದರೆ ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಎರಡು ಕುಂಡ, ಮತ್ತೆ ಅಟ್ಟದ ಮೇಲಿನ ಚೀಲ.

ಇನ್ನೊಂದು ವಿಷಯ ಹೇಳಲೇಬೇಕು. ನವೆಂಬರ್‌ನಲ್ಲಿ ಒಂದು ಕೋತಿ ಆ ಕುಂಡ ಉರುಳಿಸಿತು. ದುರ್ಗದಲ್ಲಿ ಕೋತಿಗಳಿಗೇನು ಕಮ್ಮಿ? ಆ 3 ಸಸಿಗಳಲ್ಲಿ 2 ಜಜ್ಜಿಹೋದವು. ಗೋಡೆ ನೆರಳಿಗೆ ಬಿದ್ದ ಒಂದು ಉಳಿಯಿತು. ಅದೇ ಗಟ್ಟಿ ಸಸಿ ಅಂತ ಯಾರೋ ಅಂದರು. ಮೇಡಂ ಒಪ್ಪಲಿಲ್ಲ. "ಅದು ಬಿದ್ದ ಜಾಗ ಚೆನ್ನಾಗಿತ್ತು, ಅಷ್ಟೇ. ಉಳಿದದ್ದೆಲ್ಲ ಯೋಗ್ಯತೆಯಿಂದಲೇ ಉಳೀತು ಅನ್ನಬೇಡಿ." ಈಗ ನಾನೂ ಪಾಠ ಮಾಡುತ್ತೇನೆ. ಮಕ್ಕಳಿಗೆ ತಿಳಿಸಲು ಜಾಸ್ತಿ ಕಷ್ಟ ಆಗುವುದು ಈ ಮಾತೇ.

ನಮ್ಮ ಜಿಲ್ಲೆಯ ಮಳೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗಬೇಕು, ಅಲ್ವಾ? 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಭದ್ರಾ ಕಡೆಯಿಂದ ಹರಿಸಿದ ನೀರೂ ಸೇರಿತ್ತು, ನಿಜ. ಆದರೂ ಆ ವರ್ಷದ ಮಳೆ ಮಳೆಯೇ. ಹಿರಿಯೂರಿಗೆ ಹೋಗಿ ಜನರ ನಡುವೆ ನಿಂತು ಕೋಡಿ ನೋಡಿದೆ. ಪಕ್ಕದ ಗುಡ್ಡದಲ್ಲಿ ತಂಗಡಿ ಇತ್ತು. ಅದರ ಬುಡದ ಮಣ್ಣಲ್ಲಿ ಎಷ್ಟು ವರ್ಷದ ಬೀಜ ಮಲಗಿರಬಹುದು ಅಂತ ಯೋಚಿಸುತ್ತಾ ಸುಮ್ನೆ ನಿಂತಿದ್ದೆ.

ಕೋತಿ ಉರುಳಿಸಿದ ಕುಂಡದಿಂದ ಚೆಲ್ಲಿದ ಮಣ್ಣನ್ನು ಆವತ್ತೇ ಬಾಚಿ ಬೇರೆ ಕುಂಡಕ್ಕೆ ತುಂಬಿದ್ದೆವು. 2001ರಲ್ಲಿ ನಾವು ಕಾಲೇಜು ಬಿಡುವಾಗ ಒಟ್ಟು 26 ಬೀಜ ಮೊಳೆತಿದ್ದವು. ಕೊನೆಯ ದಿನ ನೋಟ್‌ಬುಕ್ಕನ್ನು ಮೇಡಂ ಕೈಗೆ ಕೊಟ್ಟು ಬಂದೆವು.

2005ರಲ್ಲಿ ಸರ್ಟಿಫಿಕೇಟ್ ಕೆಲಸಕ್ಕೆ ಕಾಲೇಜಿಗೆ ಹೋಗಿದ್ದೆ. ಮೇಡಂ ನಿವೃತ್ತರಾಗಿದ್ದರು. ಲ್ಯಾಬ್ ಹಿಂದೆ ಹೋಗಿ ನೋಡಿದೆ. ಕುಂಡ ಅಲ್ಲೇ ಇತ್ತು, ಮಣ್ಣು ಒದ್ದೆಯಾಗಿತ್ತು. ಅಟೆಂಡರ್ ಅಣ್ಣ ನಕ್ಕು ಗೋಡೆ ತೋರಿಸಿದರು. ಮೇಡಂ ಹೋಗುವಾಗ ಅವರಿಗೆ ಹೇಳಿ ಹೋಗಿದ್ದರಂತೆ. ಸೀಮೆಸುಣ್ಣದಲ್ಲಿ ಐದೈದರ ಗುಂಪಾಗಿ ಗೆರೆ ಎಳೆದಿದ್ದರು. ಎಣಿಸಿದೆ. 29 ಇದ್ದವು.