ಪೊಟ್ಟಣದ ಮೇಲಿದ್ದ ಹನ್ನೊಂದು

ಸ್ಟ್ರೇನ್ ಗೇಜ್ ಅಂಟಿಸುವುದನ್ನು ನೋಡಿದವರು ಇದೇನು ಮಹಾ ಅಂದುಕೊಳ್ಳುತ್ತಾರೆ. ಉಗುರಿಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಾವಿನ ಹಾಗೆ ಹಿಂದೆಮುಂದೆ ಓಡಾಡಿದ ತೆಳ್ಳನೆಯ ಲೋಹದ ಗೆರೆ. ಅಂಟಿಸಿದ ಜಾಗ ಹಿಗ್ಗಿದರೆ ಗೆರೆಯೂ ಹಿಗ್ಗಿ ರೆಸಿಸ್ಟೆನ್ಸ್ ಏರುತ್ತದೆ, ಹಿಗ್ಗಿದ್ದೆಷ್ಟು ಅಂತ ಅದರಿಂದ ತಿಳಿಯುತ್ತದೆ. ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೇನ್. ಏರುವುದಾದರೂ ಎಷ್ಟು? 120 ಓಮ್ ಗೇಜಿನಲ್ಲಿ ಸಾವಿರ ಮೈಕ್ರೋಸ್ಟ್ರೇನಿಗೆ ಕಾಲು ಓಮ್ ಕೂಡ ಇಲ್ಲ. ಹಾಗಾಗಿ ಅಂಟಿಸುವುದರಲ್ಲೇ ಅರ್ಧ ಪ್ರಾಣ ಹೋಗುತ್ತದೆ.

ಆ ಏಪ್ರಿಲ್ ಬೆಳಿಗ್ಗೆ ನಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ. ಎಮರಿ ಪೇಪರಿನಲ್ಲಿ ಉಜ್ಜಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಸೆಲೋಟೇಪಿನ ತುದಿ ಎತ್ತಿ ಒಂದು ಹನಿ ಅಂಟು ಬಿಟ್ಟು, ಹೆಬ್ಬೆರಳಿನಲ್ಲಿ ಒಂದು ನಿಮಿಷ ಒತ್ತಿ ಹಿಡಿದೆ. ಆ ಒಂದು ನಿಮಿಷ ಅಮ್ಮನ ಫೋನ್ ಬಂದರೂ ಎತ್ತುವಂತಿಲ್ಲ.

ಬ್ರ್ಯಾಕೆಟ್ ಪೀಣ್ಯದ ಒಂದು ಕಂಪನಿಯದು. ವಿಮಾನದ ರೆಕ್ಕೆಯೊಳಗೆ ಪೈಪ್ ಹಿಡಿದಿಡುವ, ಅಂಗೈಯಗಲದ ಅಲ್ಯೂಮಿನಿಯಂ ತುಂಡು. ಅದರ ಮೂಲೆಯಲ್ಲಿ 1,200 ಮೈಕ್ರೋಸ್ಟ್ರೇನ್ ಬರುತ್ತದೆಂದು ಅವರ ಕಂಪ್ಯೂಟರ್ ಲೆಕ್ಕ ಹೇಳಿತ್ತು. ನಾವು ಲೋಡ್ ಹಾಕಿ, ಐದು ಗಂಟೆ ಹಾಗೇ ಹಿಡಿದು, ಅಂಕಿ ಅಲ್ಲೇ ನಿಲ್ಲುತ್ತದೆ ಅಂತ ತೋರಿಸಬೇಕಿತ್ತು. ಕಂಪನಿಯಿಂದ ಬಂದ ಹುಡುಗ ನನಗಿಂತ ಎರಡು ವರ್ಷ ಚಿಕ್ಕವನಿರಬೇಕು, ಮಾತುಮಾತಿಗೂ ಮೇಡಂ ಅನ್ನುತ್ತಿದ್ದ.

ಕಂಪನಿಯವರು ಬಂದಾಗಲೆಲ್ಲ ನಮ್ಮ ಪ್ರೊಫೆಸರ್ ಒಂದು ಕಥೆ ಹೇಳದೆ ಬಿಡುವವರಲ್ಲ. 1940ರಲ್ಲಿ ಬೆಂಗಳೂರಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು, 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಏರೋನಾಟಿಕಲ್ ವಿಭಾಗ ಶುರುವಾಯಿತು. ಅಲ್ಲಿ ಪಾಠ ಹೇಳಿದ ವಿ. ಎಂ. ಘಾಟಗೆ ಅವರೇ ಕಾರ್ಖಾನೆಯಲ್ಲಿ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ಮಾಡಿಸಿ 1951ರಲ್ಲಿ ಹಾರಿಸಿದ್ದು. "ಈ ಊರಲ್ಲಿ ಪಾಠಶಾಲೆಗೂ ಕಾರ್ಖಾನೆಗೂ ನಡುವೆ ಗೋಡೆ ಇರ್ಲಿಲ್ಲ ಕಣ್ರಿ" ಅಂತ ಮುಗಿಸುತ್ತಾರೆ. ಹುಡುಗ ತಲೆಯಾಡಿಸುತ್ತ ಲ್ಯಾಪ್‌ಟಾಪ್ ಚಾರ್ಜರಿಗೆ ಪ್ಲಗ್ ಹುಡುಕುತ್ತಿದ್ದ.

ಹನ್ನೊಂದಕ್ಕೆ ಲೋಡ್ ಹಾಕಿದೆವು. 1,190. ಅವನು ಕೂಡಲೇ ತನ್ನ ಮ್ಯಾನೇಜರಿಗೆ ಫೋನ್ ಮಾಡಿ ಶುಭಸುದ್ದಿ ಹೇಳಿಬಿಟ್ಟ.

ಊಟ ಮಾಡಿ ಬಂದಾಗ 1,230. ಮೂರಕ್ಕೆ 1,265. ನಾಲ್ಕಕ್ಕೆ 1,288. ಲೋಡ್ ತೋರಿಸುವ ಅಂಕಿ ಮಾತ್ರ ಕದಲಿರಲಿಲ್ಲ.

"ಮೇಡಂ, ಗೇಜ್ ಜಾರ್ತಾ ಇದೆ ಅನ್ಸುತ್ತೆ."

ನನಗೆ ಸಿಟ್ಟು ಬಂತು. ಅಂಟು ಜಾರಿದರೆ ರೀಡಿಂಗ್ ಇಳಿಯಬೇಕು, ಏರುವುದಲ್ಲ. "ನಿಮ್ಮ ಬ್ರ್ಯಾಕೆಟ್ಟೇ ಸೋಲ್ತಾ ಇರಬಹುದು" ಅಂದೆ. ಅನ್ನಬಾರದಿತ್ತು. ಪ್ರೊಫೆಸರ್ ಲೋಡ್ ತೆಗೆಸಿದರು. ಸೊನ್ನೆಗೆ ಬರಬೇಕಾದ ಅಂಕಿ 97ರಲ್ಲಿ ನಿಂತಿತು. ನೋಡಿದವರು ಯಾರೇ ಆದರೂ ತುಂಡು ಶಾಶ್ವತವಾಗಿ ಬಾಗಿದೆ ಅನ್ನಬೇಕು. ಹುಡುಗನ ಮುಖ ಬಿಳಿಚಿಕೊಂಡಿತು. ಅಲ್ಯೂಮಿನಿಯಂ ಹಾಗೆ ಬಾಗಲು ಆ 1,200ರ ಮೂರು ಪಟ್ಟಿಗಿಂತ ಹೆಚ್ಚು ಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಹೊತ್ತಿಗೆ ನೆನಪಾಗಲಿಲ್ಲ.

ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ನರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಒಳಗೆ ಬಂದವರು ಮೆಷಿನ್ ಕಡೆ ನೋಡಲೇ ಇಲ್ಲ.

"ಎಸಿ ಎಷ್ಟೊತ್ತಿಗೆ ಹೋಯ್ತಮ್ಮಾ?"

ಹನ್ನೆರಡೂವರೆಗೆ ಟ್ರಿಪ್ ಆಗಿತ್ತು. ಕಿಟಕಿ ತೆಗೆದು ಸುಮ್ಮನಾಗಿದ್ದೆವು. ಲಾಗ್‌ಬುಕ್ಕಿನಲ್ಲಿ ಬೆಳಿಗ್ಗೆ ನಾನೇ ಬರೆದದ್ದು 24 ಡಿಗ್ರಿ, ಗೋಡೆಯ ಥರ್ಮಾಮೀಟರಿನಲ್ಲಿ ಈಗ 32. ಅಣ್ಣ ಕಸದ ಬುಟ್ಟಿಯಿಂದ ಗೇಜಿನ ಖಾಲಿ ಪೊಟ್ಟಣ ಎತ್ತಿ, ಕನ್ನಡಕ ಹಣೆಗೇರಿಸಿ, ಕೋಡ್‌ನ ಕೊನೆಯ ಎರಡಂಕಿಯ ಮೇಲೆ ಬೆರಳಿಟ್ಟರು. 11.

"ಇದು ಸ್ಟೀಲಿಂದು ಕಣಮ್ಮಾ."

ಸ್ಟೀಲ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ, ಅಲ್ಯೂಮಿನಿಯಂ 23. ಸ್ಟೀಲಿಗೆ ಹೊಂದಿಸಿದ ಗೇಜು ಆ ಹನ್ನೊಂದನ್ನು ತಾನೇ ನುಂಗಿಕೊಂಡು, ಉಳಿದ ಹನ್ನೆರಡನ್ನು ಲೋಡಿನಿಂದಲೇ ಬಂದದ್ದು ಅನ್ನುವ ಹಾಗೆ ತೋರಿಸುತ್ತದೆ. ಎಂಟು ಡಿಗ್ರಿ, ಎಂಟು ಹನ್ನೆರಡ್ಲಿ ತೊಂಬತ್ತಾರು. ಹುಡುಗ ಬಾಯಿಲೆಕ್ಕ ಮಾಡಿ ನಕ್ಕ. ನನಗೆ ನಗು ಬರಲಿಲ್ಲ.

ಆ ಪೊಟ್ಟಣ ಹಿಂದಿನ ಪ್ರಾಜೆಕ್ಟಿನದು. ಅಲ್ಯೂಮಿನಿಯಂ ಗೇಜಿಗೆ ಜನವರಿಯಲ್ಲೇ ಇಂಡೆಂಟ್ ಹಾಕಿದ್ದೆ. ಪರ್ಚೇಸ್ ಸೆಕ್ಷನ್ನಿನಲ್ಲಿ ಮೂರು ಕೊಟೇಶನ್ ಬೇಕು ಅಂದರು, ಎರಡು ಬಂದಿತ್ತು. ಆದರೆ ಅದು ನೆಪ. ಕಪಾಟಿನಲ್ಲಿ ಸಿಕ್ಕಿದ್ದನ್ನು ಕೋಡ್ ನೋಡದೆ ಎತ್ತಿಕೊಂಡವಳು ನಾನೇ.

ಬ್ರ್ಯಾಕೆಟ್ ಕಡೆದ ಅದೇ ದಿಮ್ಮಿಯ ಒಂದು ಚೂರನ್ನು ಕಂಪನಿಯವರು ಡಬ್ಬಿಯಲ್ಲಿ ಜೊತೆಗೇ ಕಳಿಸಿದ್ದರು. ಅದಕ್ಕೆ ಅದೇ ಜಾತಿಯ ಇನ್ನೊಂದು ಗೇಜ್ ಅಂಟಿಸಿ, ಲೋಡ್ ಹಾಕದೆ ಬ್ರ್ಯಾಕೆಟ್ ಪಕ್ಕದಲ್ಲೇ ಇಟ್ಟು, ರೆಸಿಸ್ಟೆನ್ಸಿನ ಏರಿಳಿತ ಅಳೆಯುವ ನಾಲ್ಕು ತೋಳಿನ ಸರ್ಕ್ಯೂಟಾದ ಬ್ರಿಡ್ಜಿನ ಪಕ್ಕದ ತೋಳಿಗೆ ಸೇರಿಸಿದೆವು. ಸೆಕೆಗೆ ಎರಡೂ ಒಂದೇ ಸಮ ಹಿಗ್ಗುತ್ತವೆ, ಒಂದು ಇನ್ನೊಂದನ್ನು ಕಳೆಯುತ್ತದೆ. ರಾತ್ರಿ ಒಂಬತ್ತರವರೆಗೆ ಬೆಸುಗೆ ಹಾಕಿದೆ. ಹುಡುಗ ಕ್ಯಾಂಟೀನಿನಿಂದ ಮೂವರಿಗೂ ಚಿತ್ರಾನ್ನ ಕಟ್ಟಿಸಿಕೊಂಡು ಬಂದ. ಮಾರನೇ ದಿನ ಎಸಿ ಸರಿಹೋಗಿತ್ತು, ಆದರೆ ಹಾಕಕೂಡದೆಂದು ಪ್ರೊಫೆಸರ್ ಹಟ ಹಿಡಿದರು. ಬೆವರು ಸುರಿಸುತ್ತ ಕೂತೆವು. ಸಂಜೆಯವರೆಗೂ 1,192, ನಾಲ್ಕೈದು ಆಚೀಚೆ.

ವರದಿಯಲ್ಲಿ ಮೊದಲ ದಿನದ ಕಥೆಗೂ ಒಂದು ಪುಟ ಇತ್ತು. ಕಂಪನಿಯ ಮ್ಯಾನೇಜರ್ ಅದನ್ನು ತೆಗೆಯಿರಿ ಅಂದರು: ಗಿರಾಕಿ ಆ ಪುಟವೊಂದನ್ನೇ ಓದುತ್ತಾನೆ, ನೂರು ಪ್ರಶ್ನೆ ಕೇಳುತ್ತಾನೆ. ಪ್ರೊಫೆಸರ್ ಒಪ್ಪಲಿಲ್ಲ. ನನಗೆ ಮ್ಯಾನೇಜರ್ ಮಾತೂ ತಪ್ಪೆನಿಸಲಿಲ್ಲ. ಅವರು ದುಡ್ಡು ಕೊಟ್ಟದ್ದು ಬ್ರ್ಯಾಕೆಟ್ಟಿನ ಪರೀಕ್ಷೆಗೆ, ನನ್ನದಕ್ಕಲ್ಲ. ಎರಡು ವಾರ ಈಮೇಲ್ ಓಡಾಡಿ, ಪುಟ ಅನುಬಂಧಕ್ಕೆ ಹೋಯಿತು, ಸಣ್ಣ ಅಕ್ಷರದಲ್ಲಿ.

ಅಲ್ಯೂಮಿನಿಯಂ ಗೇಜುಗಳು ಸೆಪ್ಟೆಂಬರಿನಲ್ಲಿ ಬಂದವು. ಅಷ್ಟರಲ್ಲಿ ಪ್ರಾಜೆಕ್ಟ್ ಮುಗಿದು ಎರಡು ತಿಂಗಳಾಗಿತ್ತು. ಅಣ್ಣ ಪೊಟ್ಟಣದ ಮೇಲೆ ಮಾರ್ಕರಿನಲ್ಲಿ ದಪ್ಪಗೆ 'ಅಲ್ಯೂಮಿನಿಯಂ' ಅಂತ ಬರೆದು, ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದು, ಕಪಾಟಿಗೆ ಬೀಗ ಹಾಕಿದರು.